ಹಬೆ ತಾಗಿದ ಹುಲ್ಲು

ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಬೀದಿಗಳಿಗೆ ಹೊಸದಾಗಿ ಬಂದವರು ಮೊದಲು ಮೂಗು ಮುಚ್ಚಿಕೊಳ್ಳುತ್ತಾರೆ. ಬಿಸಿನೀರಿನಲ್ಲಿ ಬೆಂದ ಗೂಡು, ಅದರೊಳಗಿನ ಹುಳು, ಚರಂಡಿಗೆ ಹರಿಯುವ ಕಂದು ನೀರು ಎಲ್ಲ ಸೇರಿದ ಆ ವಾಸನೆ ಬೇರೆ ಯಾವುದನ್ನೂ ಹೋಲುವುದಿಲ್ಲ. ಹೋದ ತಿಂಗಳು ಮೈಸೂರಿಗೆ ಹೋಗುವಾಗ ರೈಲು ರಾಮನಗರದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತಿತು. ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಎದುರು ಕುಳಿತಿದ್ದ ದಂಪತಿ ಕರವಸ್ತ್ರ ಹುಡುಕಿಕೊಂಡರು. ನನಗೆ ಮಾತ್ರ ಎಲ್ಲಿಯದೋ ಭಾರ ಇಳಿದಂತಾಗಿ, ಉಸಿರು ತಾನಾಗಿ ಆಳವಾಯಿತು.

ನಾನು ಆ ಊರಿನಲ್ಲಿ ಇದ್ದದ್ದು ಒಂದೇ ಒಂದು ಬೇಸಿಗೆ. ಆಗ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿನಿ. ವಿಷಯ ಕಾಳ್ಗಿಚ್ಚು. ಬೆಂಕಿ ಯಾವ ಹುಲ್ಲಿನಲ್ಲಿ ಎಷ್ಟು ಬೇಗ ಹೋಗುತ್ತದೆ, ಗಾಳಿ, ಇಳಿಜಾರು, ತೇವ ಅದನ್ನು ಹೇಗೆ ತಿದ್ದುತ್ತವೆ, ಅದು ಹೋದ ಮೇಲೆ ಮಣ್ಣಿನಲ್ಲಿ, ಬೇರಿನಲ್ಲಿ ಏನು ಉಳಿಯುತ್ತದೆ ಎಂದು ನೋಡುವುದು ನನ್ನ ಕೆಲಸ. ಊರಿನಲ್ಲಿ ಕೇಳಿದವರಿಗೆಲ್ಲ ಇದನ್ನು ಹೇಳಿ ಹೇಳಿ ಕೊನೆಗೆ 'ಅರಣ್ಯ ಇಲಾಖೆ ಕಡೆಯ ಕೆಲಸ' ಎಂದು ಮುಗಿಸುತ್ತಿದ್ದೆ. ಬೆಂಕಿ ಸುಡುತ್ತದೆ, ಅದರಲ್ಲಿ ಓದುವುದಕ್ಕೆ ಏನಿದೆ ಎನ್ನುವ ಪ್ರಶ್ನೆಗೆ ಬಸ್ ನಿಲ್ದಾಣದಲ್ಲಿ ನಿಂತು ಉತ್ತರ ಕೊಡುವ ಸ್ವಭಾವ ನನ್ನದಲ್ಲ.

ಬಾಡಿಗೆಗೆ ಸಿಕ್ಕ ಕೋಣೆ ರಶೀದ್ ಸಾಬರ ಮನೆಯ ಮಹಡಿಯದು. ಕೆಳಗೆ ಅವರ ನೂಲು ಬಿಚ್ಚುವ ಘಟಕ. ಸಾಲಾಗಿ ಬಿಸಿನೀರಿನ ಬೇಸಿನ್ನುಗಳು, ಅವುಗಳ ಹಿಂದೆ ಮೋಟಾರಿನಿಂದ ತಿರುಗುವ ರಾಟೆಗಳು, ಗೋಡೆಗೆ ಒತ್ತಿ ನಿಲ್ಲಿಸಿದ ಬೀರುವಿನಂಥ ಡ್ರೈಯರ್. ಮಾರುಕಟ್ಟೆಯಿಂದ ತಂದ ಗೂಡನ್ನು ಹಾಗೆಯೇ ಬಿಟ್ಟರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ಸೀಳಿಕೊಂಡು ಹೊರಬರುತ್ತದೆ, ನೂಲು ಹಾಳಾಗುತ್ತದೆ. ಅದಕ್ಕೆ ಬಿಸಿಗಾಳಿಯಲ್ಲಿ ಒಣಗಿಸಿಡಬೇಕು. ಗೂಡು ಕೊಳ್ಳುವುದು ರಶೀದ್ ಸಾಬರ ಕೆಲಸ. ಡ್ರೈಯರಿನ ಉಸ್ತುವಾರಿ ಅವರ ಹೆಂಡತಿ ಷಂಷಾದ್ ಆಂಟಿಯದು. ಯಾವ ತಟ್ಟೆ ಯಾವಾಗ ಹೊರಗೆ ಬರಬೇಕು ಎಂಬುದರಲ್ಲಿ ಅವರ ಮಾತಿಗೆ ಎದುರಿರಲಿಲ್ಲ.

ನನ್ನ ಕೆಲಸಕ್ಕೂ ಒಣಗಿಸುವ ಪೆಟ್ಟಿಗೆ ಬೇಕಿತ್ತು. ಹುಲ್ಲಿನಲ್ಲಿ ಎಷ್ಟು ನೀರಿದೆ ಎಂದು ತಿಳಿಯುವ ದಾರಿ ಸರಳ. ಬೆಟ್ಟದಲ್ಲಿ ಕೊಯ್ದ ಕೂಡಲೇ ತೂಗಬೇಕು, ಪೂರ್ತಿ ಒಣಗಿಸಿ ಮತ್ತೆ ತೂಗಬೇಕು. ಹೋದ ತೂಕವೆಲ್ಲ ನೀರು. ನಮ್ಮ ವಿಭಾಗದ ಯಂತ್ರ ಬೆಂಗಳೂರಿನಲ್ಲಿತ್ತು. ಅಲ್ಲಿಗೆ ಹೋಗಿಬರುವಷ್ಟರಲ್ಲಿ ಬೆಟ್ಟದ ಹುಲ್ಲು ಬೇರೆಯೇ ಆಗಿರುತ್ತಿತ್ತು. ನಾನು ಇದನ್ನು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದದ್ದು ಷಂಷಾದ್ ಆಂಟಿಯ ಕಿವಿಗೆ ಬಿತ್ತು. ಮರುದಿನವೇ ಡ್ರೈಯರಿನ ಮೇಲಿನ ತಟ್ಟೆಯೊಂದನ್ನು ನನಗೆ ಬಿಟ್ಟುಕೊಟ್ಟರು. ನಾನು ಸಂಜೆ ಬಂದು ಹುಲ್ಲು ತುಂಬಿದ ಕಾಗದದ ಕವರುಗಳನ್ನು ಅವರ ಕೈಗೆ ಕೊಡುತ್ತಿದ್ದೆ. ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಬೆಟ್ಟಕ್ಕೆ ಹೊರಟುಬಿಡುತ್ತಿದ್ದೆ. ಸಂಜೆ ತಿರುಗಿ ಬಂದಾಗ ಕವರುಗಳು ಸ್ಟೀಲ್ ತಟ್ಟೆಯೊಂದರಲ್ಲಿ ಚಹಾದ ಜೊತೆ ಮೇಲಕ್ಕೆ ಬರುತ್ತಿದ್ದವು. ಕೆಲಸ ನಡೆಯುವ ಹೊತ್ತಿನಲ್ಲಿ ಇನ್ನೊಬ್ಬರ ಮನೆಯೊಳಗೆ ಇಣುಕಬಾರದೆಂದು ನಾನು ಕೆಳಗೆ ಹೋಗುತ್ತಿರಲಿಲ್ಲ.

ಬೆಟ್ಟ ಇದ್ದದ್ದು ಕನಕಪುರದ ದಾರಿಯಲ್ಲಿ. ದೊಡ್ಡ ಬಂಡೆಗಳು, ಅವುಗಳ ನಡುವೆ ಸೊಂಟದುದ್ದದ ಹುಲ್ಲು, ಅಲ್ಲಲ್ಲಿ ಲಂಟಾನದ ಪೊದೆ. ಬೆಟ್ಟದ ಬುಡಕ್ಕೆ ಅಂಟಿಕೊಂಡಂತೆ ಚಿಕ್ಕತಾಯಮ್ಮನವರ ಮಾವಿನ ತೋಟ. ಅವರ ಗಂಡ ಬಿಡದಿಯ ಕಾರ್ಖಾನೆಗೆ ಕೆಲಸಗಾರರನ್ನು ಕರೆದೊಯ್ಯುವ ಬಸ್ಸು ಓಡಿಸುತ್ತಿದ್ದರು. ತೋಟ ಪೂರ್ತಿ ಇವರದೇ ಆಳ್ವಿಕೆ. ಬೆಟ್ಟದ ಕಡೆಯ ಮೇಲಿನ ಸಾಲು ಬಾದಾಮಿ ಮಾವಿನ ಮರಗಳು, ಅವರು ಮದುವೆಯಾಗಿ ಬಂದ ವರ್ಷ ಸ್ವತಃ ನೀರು ಹೊತ್ತು ಬೆಳೆಸಿದವು. ಎರಡು ವರ್ಷದ ಹಿಂದೆ ಬೆಟ್ಟದ ಬೆಂಕಿ ಇಳಿದು ಬಂದು ಆ ಸಾಲಿನ ಕೊನೆಯ ಮರವನ್ನು ಅರ್ಧ ಬೇಯಿಸಿತ್ತು. ಬೆಂದ ಕಡೆ ಬೋಳು, ಇನ್ನೊಂದು ಕಡೆ ಎಲೆ. ಆ ಮರವನ್ನು ಅವರು ಕಡಿಸಿರಲಿಲ್ಲ.

ಬೆಂಕಿ ಅಲ್ಲಿ ಹೆಚ್ಚುಕಡಿಮೆ ಪ್ರತಿ ಬೇಸಿಗೆಯೂ ಬರುತ್ತಿತ್ತು. ಹಳೆಯ ಹುಲ್ಲು ಸುಟ್ಟರೆ ದನಕ್ಕೆ ಎಳೆಹುಲ್ಲು ಚಿಗುರುತ್ತದೆ ಎಂದು ಕೆಲವರು, ಬೆಟ್ಟ ಉರಿದರೆ ಮಳೆ ಬೇಗ ಬರುತ್ತದೆ ಎಂದು ಕೆಲವರು ಹಚ್ಚುತ್ತಿದ್ದರು. ಬೀಡಿಯಿಂದ ಹತ್ತಿದ್ದೂ ಇತ್ತು. ಅದನ್ನು ತಡೆಯಲು ಇಲಾಖೆಯವರು ಚಳಿ ಇನ್ನೂ ಇರುವಾಗಲೇ ಬೆಟ್ಟದ ಬುಡದಲ್ಲಿ ಒಂದು ಪಟ್ಟಿಯನ್ನು ತಾವೇ ಸುಡುತ್ತಾರೆ. ಬೆಂಕಿ ರೇಖೆ ಎಂದು ಅದರ ಹೆಸರು. ಆಮೇಲೆ ಬರುವ ದೊಡ್ಡ ಬೆಂಕಿಗೆ ಆ ಕಪ್ಪು ಪಟ್ಟಿಯಲ್ಲಿ ತಿನ್ನಲು ಏನೂ ಇರುವುದಿಲ್ಲ. ಆ ಸುಡುವಿಕೆಯನ್ನು ಅಳೆಯಲು ನನಗೆ ಅನುಮತಿ ಸಿಕ್ಕಿತ್ತು.

ಆದರೆ ಪಟ್ಟಿ ಹಾದುಹೋಗುವುದು ತೋಟದ ಬೇಲಿಯ ಪಕ್ಕದಲ್ಲೇ, ಸುಡಬೇಕಾದ ದಿನಗಳೂ ಮಾವು ಹೂವಾಗುವ ದಿನಗಳೇ. ಫಾರೆಸ್ಟರ್ ಶಿವರಾಜು ನನ್ನನ್ನು ಚಿಕ್ಕತಾಯಮ್ಮನವರ ಮುಂದೆ ನಿಲ್ಲಿಸಿ, ಬೆಂಕಿ ಬಗ್ಗೆಯೇ ಓದಿರುವವರು ಎಂದು ಪರಿಚಯಿಸಿದರು. ಚಿಕ್ಕತಾಯಮ್ಮನವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಇವರು ಬೆಂಕಿ ಹಾಕ್ತೀವಿ ಅಂತಾರೆ, ಹಾಕ್ಬುಟ್ಟು ಜೀಪ್ ಹತ್ಕೊಂಡು ಹೋಯ್ತಾರೆ. ಹೂವು ಕಮರಿದ್ರೆ ನಾನು ಯಾರ್ನ ಕೇಳ್ಲಿ? ನೀನು ಇವತ್ತು ಹಾಕ್ಬೋದು ಅಂತ ಯಾವತ್ತು ಅಂತೀಯೋ ಅವತ್ತು ಹಾಕ್ಲಿ ಕಣವ್ವ. ನೀನು ಅನ್ನದಿದ್ರೆ ಬ್ಯಾಡ."

ಶಿವರಾಜು ನಕ್ಕು ಒಪ್ಪಿಕೊಂಡರು.

ಹುಲ್ಲು ತೀರಾ ಒಣಗಿದ್ದರೆ ಜ್ವಾಲೆ ಏಳುತ್ತದೆ, ಬೇಲಿ ದಾಟುತ್ತದೆ. ತೀರಾ ತೇವವಿದ್ದರೆ ಬರೀ ಹೊಗೆ, ಅದು ಹೂವಿಗೆ ಕೆಟ್ಟದ್ದು. ನಡುವಿನ ಒಂದು ಹದ ಬೇಕು. ಜನವರಿಯಲ್ಲಿ ಇಬ್ಬನಿ ಬೀಳುವ ಊರು ಅದು, ಹದ ಸುಲಭವಾಗಿ ಸಿಗಬೇಕಿತ್ತು. ಆದರೆ ನನ್ನ ಲೆಕ್ಕದಲ್ಲಿ ಹುಲ್ಲು ದಿನವೂ ಬೂದಿಯಷ್ಟು ಒಣಗಿತ್ತು. ಅನುಮಾನ ಬಂದು ಒಂದೇ ಕವರನ್ನು ಮತ್ತೆ ಮತ್ತೆ ಡ್ರೈಯರಿಗೆ ಕಳಿಸಿ ಬೇರೆ ಬೇರೆ ಸಂಜೆ ತೂಗಿದೆ, ತೂಕ ಬದಲಾಗಿರಲಿಲ್ಲ. ತೂಕ ನಿಂತಿದೆ ಎಂದರೆ ಪೂರ್ತಿ ಒಣಗಿದೆ ಎಂದೇ ಅರ್ಥ. ಹಾಗಾಗಿ ಪ್ರತಿ ಬೆಳಿಗ್ಗೆ ಶಿವರಾಜುವಿಗೆ ಬೇಡ ಎನ್ನುತ್ತಿದ್ದೆ.

ವಾರಗಳು ಉರುಳಿದವು. ಮಾವು ತುಂಬಾ ಹೂಬಿಟ್ಟಿತು, ತೋಟದಲ್ಲಿ ಜೇನು ಗುಯ್ಗುಟ್ಟತೊಡಗಿತು. ಬಿಸಿಲು ದಿನದಿನಕ್ಕೆ ಗಟ್ಟಿಯಾಗುತ್ತಿತ್ತು. ಶಿವರಾಜು ಒಳ್ಳೆಯ ಮನುಷ್ಯ, ಗಟ್ಟಿಯಾಗಿ ಏನೂ ಅನ್ನಲಿಲ್ಲ. ಆದರೆ ಅವರ ತಂಡ ಮಾಗಡಿ ಕಡೆಯ ಬೆಟ್ಟಗಳಿಗೆ ಹೋಗಬೇಕಿತ್ತು. ಈ ಪಟ್ಟಿ ಸುಡದೆ ಅವರು ಹೊರಟುಬಿಟ್ಟರೆ ಆ ಬೇಸಿಗೆಯಲ್ಲಿ ತೋಟಕ್ಕೂ ಬೆಟ್ಟಕ್ಕೂ ನಡುವೆ ಹುಲ್ಲು ಬಿಟ್ಟು ಬೇರೇನೂ ಇರುವುದಿಲ್ಲ. ನಾನು ಹೂಂ ಎಂದರೂ ಆ ಬಾದಾಮಿ ಸಾಲು ಹೋಗಬಹುದು, ಊಹೂಂ ಎನ್ನುತ್ತಾ ಕೂತರೂ ಹೋಗಬಹುದು. ನಾನು ಬೆಟ್ಟದಿಂದ ಇಳಿಯುವಾಗ ಚಿಕ್ಕತಾಯಮ್ಮನವರು ಬೇಲಿಯ ಹತ್ತಿರ ನಿಂತು ನನ್ನ ಮುಖ ನೋಡುತ್ತಿದ್ದರು. ಆ ದಿನಗಳಲ್ಲಿ ನನಗೆ ಊಟ ಸೇರುತ್ತಿರಲಿಲ್ಲ, ನಿದ್ದೆಯಂತೂ ಇಲ್ಲವೇ ಇಲ್ಲ.

ಒಂದು ಬೆಳಿಗ್ಗೆ, ಬೋಳುಬಂಡೆಯ ಮೇಲೆ ಒಂದು ಹಿಡಿ ಹುಲ್ಲು ಹರವಿ ಕಡ್ಡಿ ಗೀರಿದೆ. ನನ್ನ ಲೆಕ್ಕದ ಪ್ರಕಾರ ಅದು ಭಗ್ಗೆಂದು ಹತ್ತಬೇಕಿತ್ತು. ಹೊಗೆಯಾಡಿತು, ಅಂಚು ಕೆಂಪಗಾಯಿತು, ಆರಿಹೋಯಿತು. ಇನ್ನೊಂದು ಹಿಡಿ ಹಾಕಿದೆ. ಅದೂ ಹಾಗೆಯೇ. ಬೆಂಕಿ ಲೆಕ್ಕ ನೋಡಿಕೊಂಡು ಉರಿಯುವುದಿಲ್ಲ. ಹಾಗಾದರೆ ತಪ್ಪಿರುವುದು ಲೆಕ್ಕದಲ್ಲಿ. ಕೋಣೆಯಲ್ಲಿ ಸಂಜೆ ತೂಗುವ ತಕ್ಕಡಿ ಕೆಟ್ಟಿದೆಯೇ ಎಂದು ನೋಡಲು, ಎಂದೂ ಇಲ್ಲದ ಹಾಗೆ, ಮಧ್ಯಾಹ್ನಕ್ಕೇ ಮನೆಗೆ ಬಂದೆ.

ಘಟಕದ ಬಾಗಿಲು ತೆರೆದಿತ್ತು. ಒಳಗೆ ಎಲ್ಲ ಬೇಸಿನ್ನುಗಳಿಂದ ಹಬೆ ಏಳುತ್ತಿತ್ತು, ರಾಟೆಗಳು ತಿರುಗುತ್ತಿದ್ದವು. ಬೇಸಿನ್ನುಗಳ ಮೇಲೆ ಗೋಡೆಗೆ ಹಾಕಿದ ಹಲಗೆಯ ಮೇಲೆ, ಹಬೆ ನೇರವಾಗಿ ತಾಗುವ ಕಡೆ, ನನ್ನ ಕವರುಗಳು ಬಾಯಿ ಬಿಚ್ಚಿಕೊಂಡು ಸಾಲಾಗಿ ಕೂತಿದ್ದವು.

ಇವು ಇಲ್ಲಿ ಯಾಕಿವೆ ಎಂದು ಕೇಳಿದೆ. ಷಂಷಾದ್ ಆಂಟಿ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದರು. ಮುಖದಲ್ಲಿ ಹೆಮ್ಮೆ ಇತ್ತು.

"ರಾತ್ರಿಯೆಲ್ಲ ಡ್ರೈಯರ್‌ನಲ್ಲಿ ಇದ್ದು ಕಡಕ್ ಆಗ್ಬಿಟ್ಟಿರ್ತದೆ ಬೇಟಿ, ಮುಟ್ಟಿದ್ರೆ ಪುಡಿ. ಗೂಡು ಹಂಗಾದ್ರೆ ನೂಲೆಲ್ಲಾ ತುಂಡು ತುಂಡು. ಅದಕ್ಕೇ ದಿನಾ ಬೆಳಿಗ್ಗೆ ತೆಗೆದು ಒಸಿ ಹಬೆ ಹತ್ರ ಇಡ್ತೀನಿ. ನಿನ್ನ ಹುಲ್ಲು ಮೆತ್ತಗೆ ಇರ್ಲಿ ಅಂತ."

ರಶೀದ್ ಸಾಬರು ಬಾಗಿಲ ಬಳಿ ಕೂತು ಗೂಡು ಆರಿಸುತ್ತಿದ್ದರು. ತಲೆ ಎತ್ತದೆ ಹೇಳಿದರು. "ನಮ್ಮ ಬೇಗಂ ನಿಮ್ಮ ಹುಲ್ಲಿಂದಾನೂ ನೂಲು ತೆಗೀಬೇಕು ಅಂತಿದ್ದಾಳೆ ಮೇಡಂ. ಒಂದು ಸೀರೆ ಆದ್ರೂ ಆಗ್ತದೆ."

ನನಗೆ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ತಡೆಯಲಾಗದಷ್ಟು. ಗೋಡೆಗೆ ಒರಗಿ ನಕ್ಕೆ, ಕಣ್ಣಲ್ಲಿ ನೀರು ಬಂತು. ನಾನು ಹಾಗೆ ನಕ್ಕದ್ದನ್ನು ಆ ಮನೆಯವರು ಅದುವರೆಗೆ ಕಂಡಿರಲಿಲ್ಲ. ಆಂಟಿ ಗಾಬರಿಯಾಗಿ ನೀರು ತಂದುಕೊಟ್ಟರು. ಒಣಗಿದ ಹುಲ್ಲು ಹಗಲೆಲ್ಲ ಹಬೆ ಕುಡಿದು ತೂಕ ಏರಿಸಿಕೊಳ್ಳುತ್ತಿತ್ತು. ಹಾಗಾಗಿ ಮೊದಲ ತೂಕಕ್ಕೂ ಎರಡನೆಯ ತೂಕಕ್ಕೂ ಅಂತರವೇ ಕಾಣುತ್ತಿರಲಿಲ್ಲ, ಹುಲ್ಲಿನಲ್ಲಿ ನೀರೇ ಇಲ್ಲ ಎಂದು ನಾನು ತಿಳಿಯುತ್ತಿದ್ದೆ. ಹಬೆ ದಿನವೂ ಒಂದೇ ತೆರನಾದ್ದರಿಂದ ತೂಕವೂ ಒಂದೇ ಬರುತ್ತಿತ್ತು. ಬೆಟ್ಟದ ಹುಲ್ಲಿನಲ್ಲಿ ಇನ್ನೂ ತೇವವಿತ್ತು. ಇನ್ನೂ ಸಮಯವಿತ್ತು.

ಅಂದು ಕೊಯ್ದ ಹುಲ್ಲನ್ನು ಕೂಡಲೇ ಡ್ರೈಯರಿಗೆ ಹಾಕಿದೆವು. ಆಂಟಿ ನನಗೊಂದು ಸ್ಟೂಲು ಕೊಟ್ಟರು. ತೂಕ ಇಳಿಯುವುದು ನಿಲ್ಲುವವರೆಗೆ ಮಧ್ಯೆ ಮಧ್ಯೆ ತೂಗುತ್ತಾ ಅಲ್ಲೇ ಕೂತೆ. ಕೂತಲ್ಲಿಗೇ ಅನ್ನ, ಸಾರು ಬಂತು. ತಟ್ಟೆ ಖಾಲಿಯಾದದ್ದು ನನ್ನ ಗಮನಕ್ಕೆ ಬಂದದ್ದು ಆಂಟಿ ಮತ್ತೆ ಬಡಿಸಲು ಬಂದಾಗ. ಸಂಜೆಗೆ ಸರಿಯಾದ ಉತ್ತರ ಸಿಕ್ಕಿತು: ಬೆಳಗಿನ ಇಬ್ಬನಿ ಆರಿದ ಮೇಲೆ ಹುಲ್ಲು ಹದಕ್ಕೆ ಬರುತ್ತದೆ. ಶಿವರಾಜುವಿಗೆ ಫೋನ್ ಮಾಡಿ, ನಾಳೆ ಸುಡಬಹುದು ಎಂದೆ. ನಾಳೆ ಒಂದು ದಿನ ಮಾತ್ರ ಇದೆ, ನಾಡಿದ್ದು ತಂಡ ಮಾಗಡಿಗೆ ಹೊರಡುತ್ತದೆ ಎಂದರು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ತೋಟಕ್ಕೆ ಹೋದೆ. ಚಿಕ್ಕತಾಯಮ್ಮನವರು ಹಟ್ಟಿಯ ಮುಂದೆ ಹಾಲು ಕರೆಯುತ್ತಿದ್ದರು. ನಡೆದದ್ದೆಲ್ಲವನ್ನೂ ಹೇಳಿದೆ, ಗೂಡಿನ ಡ್ರೈಯರ್, ಹಬೆ, ತೂಕ. ಅವರು ಕರೆಯುವುದನ್ನು ನಿಲ್ಲಿಸಲಿಲ್ಲ.

"ಈಗ ಸರ್ಯಾಗೈತಾ?"

"ಸರಿಯಾಗಿದೆ."

"ಹಂಗಾದ್ರೆ ಹಾಕ್ಸು. ಇಷ್ಟು ದಿನ ನಿನ್ ಮಖ ನೋಡಕ್ಕಾಯ್ತಿರ್ಲಿಲ್ಲ."

ನಾವು ಕೂಡಲೇ ಹಚ್ಚಲಿಲ್ಲ. ಮುಂಜಾನೆ ಬೆಟ್ಟದ ತಣ್ಣನೆಯ ಗಾಳಿ ಕೆಳಕ್ಕೆ ಇಳಿಯುತ್ತಿರುತ್ತದೆ, ಆಗ ಹಚ್ಚಿದರೆ ಹೊಗೆಯೆಲ್ಲ ಹೂವಿನ ಮೇಲೆ. ಬಂಡೆಗೆ ಬಿಸಿಲು ತಾಗಿ ಗಾಳಿ ಮೇಲಕ್ಕೆ ತಿರುಗುವುದನ್ನು ಕಾಯಬೇಕು. ನಾನು ಒಣ ಹುಲ್ಲನ್ನು ಕೈಯಲ್ಲಿ ಪುಡಿಮಾಡಿ ಗಾಳಿಗೆ ಬಿಡುತ್ತಾ ನಿಂತೆ. ಪಟ್ಟಿಯ ಎರಡೂ ಅಂಚನ್ನು ಇಲಾಖೆಯ ವಾಚರ್‌ಗಳು ಮಣ್ಣು ಕಾಣುವ ಹಾಗೆ ಕೆರೆದಿದ್ದರು. ಜ್ವಾಲೆಯ ಎತ್ತರ ಅಳೆಯಲು ಬಣ್ಣದ ಗುರುತು ಹಾಕಿದ ಕಬ್ಬಿಣದ ಸರಳುಗಳನ್ನು ನೆಟ್ಟಾಗಿತ್ತು. ಪುಡಿ ಬೆಟ್ಟದ ಕಡೆಗೆ ತೇಲಿದಾಗ ತಲೆಯಾಡಿಸಿದೆ.

ಹಚ್ಚಿದ್ದು ಪಟ್ಟಿಯ ಮೇಲಿನ ಅಂಚಿಗೆ. ಬೆಂಕಿ ಅಲ್ಲಿಂದ ತೋಟದ ಕಡೆಗೇ ಇಳಿಯಬೇಕು. ಇದನ್ನು ಮೊದಲೇ ಹೇಳಿದ್ದರೂ ಕಣ್ಣಾರೆ ಕಂಡಾಗ ಚಿಕ್ಕತಾಯಮ್ಮನವರು ನನ್ನ ತೋಳು ಹಿಡಿದರು.

"ನನ್ ಮರದ್ ಕಡೀಕೇ ಬತ್ತೈತಲ್ಲವ್ವ."

ಬೆಂಕಿ ಏರನ್ನು ಓಡಿ ಹತ್ತುತ್ತದೆ, ಇಳಿಜಾರಿನಲ್ಲಿ ನಡೆದು ಇಳಿಯುತ್ತದೆ ಎಂದೆ. ಏರುವಾಗ ಜ್ವಾಲೆ ಮುಂದಿನ ಹುಲ್ಲಿನ ಮೇಲೆ ಬಾಗಿ ಅದನ್ನು ಮೊದಲೇ ಕಾಯಿಸಿಬಿಡುತ್ತದೆ. ಇಳಿಯುವಾಗ, ಅದರಲ್ಲೂ ಎದುರುಗಾಳಿಗೆ, ಜ್ವಾಲೆ ಹಿಂದಕ್ಕೆ, ಸುಟ್ಟ ಕಡೆಗೇ ಬಾಗಿರುತ್ತದೆ. ಮುಂದಿನ ಹುಲ್ಲು ತಣ್ಣಗೇ ಉಳಿದು, ಬೆಂಕಿ ಒಂದೊಂದೇ ಎಸಳನ್ನು ಹಿಡಿದುಕೊಂಡು ಬರಬೇಕಾಗುತ್ತದೆ. ಹೇಳುತ್ತಾ ಹೋದಂತೆ ಕಣ್ಣೆದುರು ಹಾಗೆಯೇ ನಡೆಯುತ್ತಿತ್ತು. ಜ್ವಾಲೆ ಮೊಣಕಾಲು ಮುಟ್ಟುತ್ತಿರಲಿಲ್ಲ. ಹೊಗೆ ಬೆಟ್ಟದ ಮೇಲಕ್ಕೆ ಹೋಗುತ್ತಿತ್ತು. ಒಂದು ಕಡೆ ಪಟ್ಟಿಯೊಳಗೆ ಲಂಟಾನದ ಪೊದೆ ಉಳಿದಿತ್ತು. ಅದಕ್ಕೆ ತಾಗಿದಾಗ ಚಟಚಟನೆ ಸದ್ದಾಗಿ ಬೆಂಕಿ ಆಳೆತ್ತರ ಎದ್ದಿತು. ಚಿಕ್ಕತಾಯಮ್ಮನವರು ನನ್ನ ತೋಳು ಬಿಟ್ಟು ಹೋಗಿ ಮರಗಳ ಮುಂದೆ ಅಡ್ಡ ನಿಂತುಬಿಟ್ಟರು, ದನ ಓಡಿಸುವವರ ಹಾಗೆ ಎರಡೂ ಕೈ ಚಾಚಿ. ವಾಚರ್‌ಗಳು ಹಸಿ ಸೊಪ್ಪಿನಲ್ಲಿ ಬಡಿದರು. ಪೊದೆ ತಿಂದು ಮುಗಿಸಿ ಬೆಂಕಿ ಮತ್ತೆ ಕುಗ್ಗಿತು. ಕೆರೆದ ಮಣ್ಣಿನ ಅಂಚಿಗೆ ಬಂದು ಅಲ್ಲಲ್ಲೇ ಆರಿತು.

ಕೆಲವು ಹೂಗೊಂಚಲ ಮೇಲೆ ಬೂದಿಯ ಎಳೆಗಳು ಕೂತಿದ್ದವು. ಚಿಕ್ಕತಾಯಮ್ಮನವರು ಅವನ್ನು ಬಾಯಿಂದ ಊದಿ ಹಾರಿಸುತ್ತಾ ಮರದಿಂದ ಮರಕ್ಕೆ ಹೋದರು.

ಆಮೇಲಿನ ವಾರಗಳು ಶಾಂತವಾಗಿದ್ದವು. ಸುಟ್ಟ ಪಟ್ಟಿಯಲ್ಲಿ ಮಣ್ಣು ಬಗೆದು ನೋಡುತ್ತಿದ್ದೆ. ಬೆಂಕಿ ನಿಧಾನವಾಗಿ ಹೋದ ಕಡೆ ಒಂದು ಬೆರಳು ಆಳದಲ್ಲೇ ಹುಲ್ಲಿನ ಬೇರು ಬೆಳ್ಳಗೆ, ಜೀವಂತವಾಗಿತ್ತು. ಲಂಟಾನ ಉರಿದ ಜಾಗದಲ್ಲಿ ಮಾತ್ರ ಮಣ್ಣು ಇಟ್ಟಿಗೆಯ ಬಣ್ಣಕ್ಕೆ ತಿರುಗಿ ಬೇರುಗಳು ಮುರಿದು ನೋಡಿದರೆ ಒಳಗೂ ಕರಿಯಾಗಿದ್ದವು. ಬಂಡೆಗಳ ಮರೆಯನ್ನು ಮುಟ್ಟದೆ ಬೆಂಕಿ ಸುತ್ತಿಕೊಂಡು ಹೋಗಿತ್ತು; ಅಲ್ಲಿ ಎಳೆಯ ಗಿಡಗಳು ಎಲೆ ಕೂಡ ಬಾಡದೆ ನಿಂತಿದ್ದವು. ನನ್ನ ಪ್ರಬಂಧದ ಮುಖ್ಯ ಭಾಗ ಈ ಬಂಡೆಗಳ ಮರೆಯಿಂದಲೇ ಬಂತು. ಕವರುಗಳನ್ನು ಈಗ ಡ್ರೈಯರಿನಿಂದ ನಾನೇ ತೆಗೆಯುತ್ತಿದ್ದೆ. ಕೆಳಗೆ ಹೋಗಲು ಸಂಕೋಚ ಉಳಿದಿರಲಿಲ್ಲ.

ಮಾರ್ಚ್ ಕೊನೆಯ ಒಂದು ಬೆಳಿಗ್ಗೆ ಚಿಕ್ಕತಾಯಮ್ಮನವರ ಫೋನು ಬಂತು. ಬೆಟ್ಟದ ಆ ಬದಿಗೆ ಹಿಂದಿನ ಸಂಜೆಯೇ ಬೆಂಕಿ ಬಿದ್ದಿತ್ತು, ಈಗ ತಲೆ ದಾಟಿ ಈಚೆಗೆ ಬಂದಿದೆ ಎಂದರು. ದನಿ ಸಮನಾಗಿತ್ತು. ನಾನು ಆಟೊ ಹಿಡಿದು ಹೋದೆ. ದೂರದಿಂದಲೇ ಹೊಗೆ ಕಾಣುತ್ತಿತ್ತು.

ಹೀಚು ಕಟ್ಟಿದ ಕಾಲ ಅದು. ಕೊಂಬೆಕೊಂಬೆಯಲ್ಲೂ ಬೆರಳ ತುದಿಯಷ್ಟು ಮಾವು. ಶಿವರಾಜು ಮತ್ತು ವಾಚರ್‌ಗಳು ಬಂದಿದ್ದರು, ಊರಿನವರೂ ಸೊಪ್ಪು ಹಿಡಿದು ನಿಂತಿದ್ದರು. ಯಾರು ಹಚ್ಚಿದ್ದು ಎಂದು ಯಾರೂ ಕೇಳಲಿಲ್ಲ; ಕೇಳಿದರೆ ಅಲ್ಲಿ ನಿಂತವರಲ್ಲೇ ಉತ್ತರ ಇರಬಹುದಿತ್ತು. ಬಿಸಿಲೇರಿದರೂ ಅಂದು ಗಾಳಿ ಮೇಲಕ್ಕೆ ತಿರುಗಲಿಲ್ಲ; ಆಚೆ ಕಡೆಯ ಜೋರು ಗಾಳಿ ಬೆಟ್ಟದ ತಲೆಯ ಮೇಲಿಂದ ಬಿದ್ದು ಬೆಂಕಿಯನ್ನು ಹಿಂದಿನಿಂದ ನೂಕತೊಡಗಿತು. ಇಳಿಜಾರಿನಲ್ಲಿ ಬೆಂಕಿ ನಡೆಯುತ್ತದೆ ಎಂದು ನಾನು ಹೇಳಿದ್ದು ಗಾಳಿ ಬೆನ್ನಿಗೆ ಇಲ್ಲದಾಗ. ಅಂದು ಅದು ನಡೆಯುತ್ತಿರಲಿಲ್ಲ. ಬಾದಾಮಿ ಸಾಲಿನ ಕಡೆ ನೋಡುವುದಕ್ಕೆ ನನಗೆ ಧೈರ್ಯವಾಗಲಿಲ್ಲ, ಕಪ್ಪು ಪಟ್ಟಿಯನ್ನೇ ನೋಡುತ್ತಿದ್ದೆ. ಅದು ಎಂದಿಗಿಂತ ಕಿರಿದಾಗಿ ಕಂಡಿತು.

ಬೆಂಕಿ ಪಟ್ಟಿಯ ಮೇಲಂಚಿಗೆ ಬಂತು. ಬಾಗಿತು. ಮುಂದೆ ಹಿಡಿಯಲು ಎಸಳಿಲ್ಲದೆ ನಿಂತಲ್ಲೇ ಉರಿಯಿತು. ಜ್ವಾಲೆ ಗಿಡ್ಡವಾಯಿತು, ಸಾಲು ಅಲ್ಲಲ್ಲಿ ತುಂಡಾಯಿತು. ಉರಿಯುತ್ತಿದ್ದ ಒಂದು ಮರದ ಬೊಡ್ಡೆ ಮೇಲಿನಿಂದ ಉರುಳಿ ಬಂದು ಪಟ್ಟಿಯ ನಡುವೆ ನಿಂತು, ಸುತ್ತಲೂ ಏನೂ ಸಿಗದೆ, ತನ್ನಷ್ಟಕ್ಕೆ ಹೊಗೆಯಾಡಿತು. ಹಾರಿಬಂದ ಕಿಡಿಗಳನ್ನು ಬೇಲಿಯ ಬಳಿ ವಾಚರ್‌ಗಳು ಸೊಪ್ಪಿನಲ್ಲಿ ಬಡಿದು, ತೋಟದೊಳಗೆ ಊರಿನವರು ಕಾಲಲ್ಲೇ ತುಳಿದು ಆರಿಸಿದರು. ಎಲ್ಲರೂ ನಿಂತೇ ಇದ್ದರು, ಇನ್ನೂ ಏನೋ ಆಗಬೇಕಿದೆ ಎನ್ನುವ ಹಾಗೆ. ಏನೂ ಆಗಲಿಲ್ಲ. ಚಿಕ್ಕತಾಯಮ್ಮನವರು ಮರವೊಂದರ ಬುಡದಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು, ಎದ್ದರು, ಎಲ್ಲರಿಗೂ ಮುದ್ದೆ ಮಾಡುತ್ತೇನೆ ಎಂದರು.

ಉಂಡು ಕೈ ತೊಳೆದು ಅವರ ಮನೆಯ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂರೋಣವೆಂದು ಕಂಬಕ್ಕೆ ಒರಗಿದ್ದು ನೆನಪಿದೆ. ಆಮೇಲಿನದು ನೆನಪಿಲ್ಲ. ಪರಿಚಯದವರ ಮನೆಯಲ್ಲಿ ಹಾಸಿಗೆ ಹಾಸಿಕೊಟ್ಟರೂ ನಿದ್ದೆ ಬಾರದವಳು ನಾನು. ಎಚ್ಚರವಾದಾಗ ತಲೆಯ ಕೆಳಗೆ ದಿಂಬಿತ್ತು, ಮೈಮೇಲೆ ಹಳೆಯ ಸೀರೆಯೊಂದು ಹೊದಿಸಿತ್ತು, ಬಿಸಿಲು ಅಂಗಳದ ಆ ತುದಿಗೆ ಸರಿದಿತ್ತು. ಶಿವರಾಜುವಿನ ದನಿ ಕೇಳಿಸಿತು. ಬೆಂಕಿಗೆ ಬಡಿದು ಕೈ ಬೊಬ್ಬೆ ಬಂದಿರುವುದು ನಮಗೆ, ಮಲಗಿರುವುದು ಮೇಡಂ ಎನ್ನುತ್ತಿದ್ದರು.

"ಮೆತ್ಗೆ ಮಾತಾಡಪ್ಪ ಶಿವರಾಜಣ್ಣ," ಚಿಕ್ಕತಾಯಮ್ಮನವರು ಪಿಸುಗುಟ್ಟಿದರು. "ನೀನು ಜೀಪಲ್ಲೇ ನಿದ್ದೆ ಹೊಡೀತೀಯ. ಈ ಕೂಸು ನಿದ್ದೆ ಮಾಡಿ ಎಷ್ಟು ದಿನ ಆಯ್ತೋ. ಏಳೋಗಂಟ ಯಾರೂ ಉಸ್ರು ಬುಡಬ್ಯಾಡಿ."

ಅಂಗಳದಲ್ಲಿ ಎಲ್ಲರೂ ಸುಮ್ಮನಾದರು. ಒಬ್ಬರು ಲೋಟ ಕೆಳಗಿಟ್ಟದ್ದು ಕೂಡ ಮೆಲ್ಲಗೆ. ನನಗೆ ಪೂರ್ತಿ ಎಚ್ಚರವಾಗಿತ್ತು. ಆದರೂ ಮತ್ತೆ ಕಣ್ಣು ಮುಚ್ಚಿಕೊಂಡು, ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ಮಲಗಿದ್ದೆ.